ಎಂಟು ದಿನ, ಎರಡು ಊರು, ಅವ್ವನ ಮೊಣಕಾಲು: ವಸಂತದ ಜಪಾನ್ ನೋಡುವವರಿಗೆ

ಧಾರವಾಡದಲ್ಲಿ ನಮ್ಮದೊಂದು ಔಷಧ ಅಂಗಡಿ. ಇಪ್ಪತ್ತಾರು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ಏನೇ ಕೈಗೆ ಬಂದರೂ ಮೊದಲು ಎಕ್ಸ್‌ಪೈರಿ ನೋಡುವುದು ಚಟವಾಗಿ ಹೋಗಿದೆ. ಜಪಾನಿನ ಚೆರ್ರಿ ಹೂವಿನ ವಿಷಯದಲ್ಲಿ ಈ ಚಟ ಉಪಯೋಗಕ್ಕೆ ಬಂತು. ಆ ಹೂವಿಗೂ ಎಕ್ಸ್‌ಪೈರಿ ಇದೆ. ಅರಳಲು ಶುರುವಾದ ಮೇಲೆ ಹೆಚ್ಚೆಂದರೆ ಎರಡು ವಾರ. ನಡುವೆ ಒಂದು ಜೋರು ಮಳೆ-ಗಾಳಿ ಬಂದರೆ ಅದಕ್ಕೂ ಮೊದಲೇ ಖಾಲಿ.

2025ರ ಮಾರ್ಚ್ ಕೊನೆಗೆ ನಾನು, ನನ್ನ ಹೆಂಡತಿ, 71 ವರ್ಷದ ನಮ್ಮ ಅವ್ವ, ಮೂವರೂ ಹೋಗಿ ಬಂದೆವು. ಅಲ್ಲಿ ಇದ್ದದ್ದು ಏಳು ರಾತ್ರಿ. ಅಂದಿನಿಂದ ಅಂಗಡಿಗೆ ಬರುವವರು ಗುಳಿಗೆ ತಗೊಂಡು, ಚಿಲ್ಲರೆ ಎಣಿಸುತ್ತಾ, "ಸರ್, ಜಪಾನ್‌ಗೆ ಹೋಗಿದ್ರಂತಲ್ಲ, ಎಷ್ಟು ಖರ್ಚಾತು?" ಅಂತ ಶುರು ಮಾಡುತ್ತಾರೆ. ಹಿಂದೆ ಕ್ಯೂ ಬೆಳೆಯುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಬರೆದಿಡುತ್ತಿದ್ದೇನೆ.

ಖರ್ಚು ಮೊದಲೇ ಹೇಳಿಬಿಡುತ್ತೇನೆ. ಮೂವರಿಗೆ ಒಟ್ಟು 4 ಲಕ್ಷದ ಮೇಲೆ ಒಂದಿಷ್ಟು. ಅದರಲ್ಲಿ ವಿಮಾನಕ್ಕೇ 1 ಲಕ್ಷ 56 ಸಾವಿರ, ಹೋಟೆಲಿಗೆ 90 ಸಾವಿರದ ಹತ್ತಿರ. ಮನಸ್ಸಿನಲ್ಲಿ ಲೆಕ್ಕ ಹಾಕಲು 100 ಯೆನ್ ಅಂದ್ರೆ 60 ರೂಪಾಯಿ ಅಂತ ಇಟ್ಟುಕೊಂಡಿದ್ದೆ. ನಿಜವಾದ ದರ ಅದಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಲೆಕ್ಕ ಹೀಗೆ ಜಾಸ್ತಿ ಹಿಡಿದರೆ ವಾಪಸ್ ಬಂದಾಗ ಎದೆ ಒಡೆಯುವುದಿಲ್ಲ.

ದಿನಾಂಕ ಹಿಡಿಯುವುದೇ ಅರ್ಧ ಕೆಲಸ

"ಹೂ ನೋಡಾಕ ಅಷ್ಟು ದೂರ ಹೋಗಬೇಕೇನಪಾ? ಕಲಘಟಗಿ ದಾರ್ಯಾಗ ಮುತ್ತಲ ಹೂ ಇಲ್ಲೇನು?" ಅಂದಿದ್ದರು ಅವ್ವ. ಮಾತು ಸುಳ್ಳಲ್ಲ. ಆದರೆ ನಮ್ಮ ಮುತ್ತಲ ಹೂ ವಾರಗಟ್ಟಲೆ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಹೂ ಅರಳಿದ್ದನ್ನು ಹವಾಮಾನ ಇಲಾಖೆಯೇ ಘೋಷಣೆ ಮಾಡುತ್ತದೆ. ಟೋಕಿಯೊದ ಯಾಸುಕುನಿ ದೇವಸ್ಥಾನದ ಆವರಣದಲ್ಲಿ ಒಂದು ಮಾದರಿ ಮರ ಇದೆ. ಅದರಲ್ಲಿ ಐದಾರು ಹೂ ಬಿಟ್ಟರೆ "ಟೋಕಿಯೊದಲ್ಲಿ ಹೂ ಅರಳಿತು" ಅಂತ ಅಧಿಕೃತ ಸುದ್ದಿ. 80 ಪರ್ಸೆಂಟ್ ಅರಳಿದರೆ ಪೂರ್ಣ ಅರಳು, ಅವರ ಮಾತಿನಲ್ಲಿ 'ಮಾಂಕಾಯ್'. ಈ ಎರಡರ ನಡುವೆ ಸಾಮಾನ್ಯವಾಗಿ ಒಂದು ವಾರ. ಮಾಂಕಾಯ್ ಆದ ಮೇಲೆ ಇನ್ನೊಂದು ವಾರದಲ್ಲಿ ಪಕಳೆ ಉದುರಿ ನೆಲ ಬಿಳಿ ಆಗುತ್ತದೆ.

ಕಷ್ಟ ಏನಂದ್ರೆ ಆ ಘೋಷಣೆಯ ದಿನ ಪ್ರತಿ ವರ್ಷ ಒಂದೇ ಇರುವುದಿಲ್ಲ. ಟೋಕಿಯೊದಲ್ಲಿ 2023ರಲ್ಲಿ ಮಾರ್ಚ್ 14ಕ್ಕೇ ಅರಳಿತು. 2024ರಲ್ಲಿ ಮಾರ್ಚ್ 29. ನಾವು ಹೋದ 2025ರಲ್ಲಿ ಮಾರ್ಚ್ 24. ಒಂದು ವರ್ಷಕ್ಕೂ ಇನ್ನೊಂದಕ್ಕೂ ಎರಡು ವಾರದ ಫರಕು! ಮುನ್ಸೂಚನೆ ಜನವರಿಯಿಂದ ಬರಲು ಶುರುವಾಗುತ್ತದೆ. ಅದನ್ನು ನೋಡಿಕೊಂಡು ಟಿಕೆಟ್ ಮಾಡುತ್ತೇನೆ ಅಂದರೆ ಆಗಲೇ ದರ ಏರಿರುತ್ತದೆ, ಒಳ್ಳೆಯ ರೂಮುಗಳು ಹೋಗಿರುತ್ತವೆ.

ನಾನು ಮಾಡಿದ್ದು ಇಷ್ಟು. ಹೂವಿನ ಹಿಂದೆ ಓಡದೆ, ಮಾರ್ಚ್ 28ರಿಂದ ಏಪ್ರಿಲ್ 5ರ ನಡುವಿನ ವಾರವನ್ನು ನವೆಂಬರಿನಲ್ಲೇ ಗಟ್ಟಿ ಮಾಡಿದೆ. ಟೋಕಿಯೊ ಮೊದಲು, ಕ್ಯೋಟೊ ಆಮೇಲೆ. ಹೂ ಬೇಗ ಬಂದರೆ ಉದುರುವ ಪಕಳೆ ಸಿಗುತ್ತದೆ. ತಡವಾದರೆ ಕ್ಯೋಟೊದ ಕೊನೆಯ ದಿನಗಳಲ್ಲಿ ಸಿಗುತ್ತದೆ. ಈ ವಾರದಲ್ಲಿ ಪೂರ್ತಿ ಕೈ ಖಾಲಿ ಆಗುವುದು ಅಪರೂಪ. ಏಪ್ರಿಲ್ ಎರಡನೇ ವಾರಕ್ಕೆ ಮಾತ್ರ ರಜೆ ಸಿಗುತ್ತದೆ ಅನ್ನುವವರೂ ಬೇಸರ ಮಾಡಿಕೊಳ್ಳಬೇಡಿ. ಕ್ಯೋಟೊದ ನಿನ್ನಾ-ಜಿ ದೇವಾಲಯದ ಕುಳ್ಳ ಮರಗಳು ತಡವಾಗಿ ಹೂ ಬಿಡುವುದಕ್ಕೇ ಹೆಸರಾದವು. ಏಪ್ರಿಲ್ ಕೊನೆಗೆ ಹೋಗುವವರು ಉತ್ತರದ ಹಿರೊಸಾಕಿ ಕಡೆ ನೋಡಬಹುದು. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಮಾತ್ರ ಬೇಡವೇ ಬೇಡ. ಅದು ಅವರ ಗೋಲ್ಡನ್ ವೀಕ್. ಇಡೀ ದೇಶವೇ ಊರು ಬಿಟ್ಟು ಹೊರಟಿರುತ್ತದೆ.

ಎರಡೇ ಊರು ಸಾಕು

ಒಬ್ಬ ಏಜೆಂಟರ ಹತ್ತಿರ ಮೊದಲು ಕೇಳಿದ್ದೆ. ಏಳು ದಿನಕ್ಕೆ ಐದು ಊರು, ಮೌಂಟ್ ಫುಜಿ, ಡಿಸ್ನಿಲ್ಯಾಂಡ್, ಜೊತೆಗೆ ದಿನಾ ರಾತ್ರಿ ಇಂಡಿಯನ್ ಊಟ. ಪಟ್ಟಿ ನೋಡಿದರೆ ಮನುಷ್ಯರನ್ನಲ್ಲ, ಪಾರ್ಸೆಲ್‌ಗಳನ್ನು ಸಾಗಿಸುವ ಹಾಗಿತ್ತು. ಅವ್ವನ ಮೊಣಕಾಲು ನೆನಪಾಗಿ ಅದನ್ನು ಅಲ್ಲೇ ಮಡಚಿಟ್ಟೆ. ಗುಂಪಿನಲ್ಲೇ ಸುಲಭ ಅನ್ನುವವರಿಗೆ ಪ್ಯಾಕೇಜ್ ತಪ್ಪಲ್ಲ. ಆದರೆ ಬಸ್ಸಿನಲ್ಲಿ ಎಷ್ಟು ತಾಸು, ಕೆಳಗೆ ಇಳಿದು ಎಷ್ಟು ತಾಸು ಅಂತ ಕೇಳಿ ನೋಡಿ.

ನಮ್ಮ ಪ್ಲ್ಯಾನ್: ಟೋಕಿಯೊದಲ್ಲಿ ನಾಲ್ಕು ರಾತ್ರಿ, ಕ್ಯೋಟೊದಲ್ಲಿ ಮೂರು. ಕ್ಯೋಟೊದಿಂದ ಒಂದು ದಿನ ನಾರಾಕ್ಕೆ ಹೋಗಿ ಬರುವುದು. ಮುಗೀತು. ಒಸಾಕಾ ಬಿಟ್ಟೆ, ಹಿರೊಶಿಮಾ ಬಿಟ್ಟೆ. ಫುಜಿ ರೈಲಿನಿಂದಲೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಇದೆ. ಹೋಗುವ ಟಿಕೆಟ್ ಟೋಕಿಯೊಗೆ, ಬರುವ ಟಿಕೆಟ್ ಒಸಾಕಾ ಪಕ್ಕದ ಕನ್ಸಾಯ್ ಏರ್‌ಪೋರ್ಟಿನಿಂದ ತಗೊಳ್ಳಿ. ಬುಕ್ ಮಾಡುವಾಗ 'ಮಲ್ಟಿ ಸಿಟಿ' ಅಂತ ಇರುತ್ತದಲ್ಲ, ಅದು. ಕ್ಯೋಟೊ ನೋಡಿ ಮತ್ತೆ ಟೋಕಿಯೊಗೆ ಓಡಿ ಬರುವ ಅರ್ಧ ದಿನ ಉಳಿಯುತ್ತದೆ. ಬುಲೆಟ್ ರೈಲಿನ ಒಂದು ಟಿಕೆಟ್ಟೂ ಉಳಿಯುತ್ತದೆ, ಒಬ್ಬೊಬ್ಬರಿಗೆ ಸುಮಾರು 14,000 ಯೆನ್.

ಅಂದ ಹಾಗೆ ಜೆ.ಆರ್. ಪಾಸ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ಅಂದ್ರೆ ಒಮ್ಮೆ ದುಡ್ಡು ಕೊಟ್ಟು ಇಷ್ಟು ದಿನ ಅಂತ ರೈಲಿನಲ್ಲಿ ಓಡಾಡುವ ಪಾಸ್. ಅದು ಹಳೆ ಕಾಲದ ಬುದ್ಧಿವಾದ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ 29,650ರಿಂದ 50,000 ಯೆನ್‌ಗೆ ಏರಿತು. ನಮ್ಮ ಹಾಗೆ ಒಂದೇ ದಿಕ್ಕಿಗೆ ಒಂದು ಸಲ ಹೋಗುವವರಿಗೆ ಅದು ದುಡ್ಡು ಸುಡುವ ಕೆಲಸ.

ವಿಮಾನಕ್ಕೆ ಬೆಂಗಳೂರೇ ಗತಿ. ನಾವು ಸಿಂಗಾಪುರದ ಮೇಲೆ ಹೋದೆವು. ಬೆಂಗಳೂರಿನಿಂದ ಟೋಕಿಯೊದ ನರಿತಾ ಏರ್‌ಪೋರ್ಟಿಗೆ ನೇರ ವಿಮಾನವೂ ಇದೆ, ದರ ಹೋಲಿಸಿ ನೋಡಿ. ಧಾರವಾಡದಿಂದ ಮಧ್ಯಾಹ್ನದ ವಂದೇ ಭಾರತ್ ಹಿಡಿದು, ಒಂದು ದಿನ ಮೊದಲೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ಮಲಗಿ, ಮರುದಿನ ರಾತ್ರಿ ಹೊರಟೆವು. ಅದೇ ದಿನ ಹುಬ್ಬಳ್ಳಿಯಿಂದ ಹೊರಟು ಅದೇ ದಿನ ವಿಮಾನ ಹಿಡಿಯುವ ಸಾಹಸ ನನಗೆ ಬೇಡ ಅನಿಸಿತು. ವಾಪಸ್ ಬರುವಾಗ ಬೇಕಾದರೆ ಮಾಡಿ.

ಕಾಗದ ಪತ್ರ

ಪಾಸ್‌ಪೋರ್ಟ್ ಇಲ್ಲದವರಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. ವೀಸಾ ಅರ್ಜಿ ವಿ.ಎಫ್.ಎಸ್. ಅನ್ನುವ, ಅರ್ಜಿ ತಗೊಳ್ಳುವ ಕಂಪನಿಯ ಮೂಲಕ ಹೋಗುತ್ತದೆ. ನಮ್ಮ ರಾಜ್ಯದವರಿಗೆ ಬೆಂಗಳೂರು. ಅರ್ಜಿ, ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್, ಐ.ಟಿ. ರಿಟರ್ನ್, ವಿಮಾನ-ಹೋಟೆಲ್ ಬುಕಿಂಗ್, ಮತ್ತು ಯಾವ ದಿನ ಎಲ್ಲಿ ಇರುತ್ತೇವೆ ಅನ್ನುವ ಪಟ್ಟಿ. ಈ ದಿನವಾರು ಪಟ್ಟಿಯನ್ನು ಸುಮ್ನೆ ತುಂಬಬೇಡಿ. ಅದರಲ್ಲಿರುವ ಹೋಟೆಲು, ದಿನಾಂಕ, ಬುಕಿಂಗಿನ ಹೋಟೆಲು, ದಿನಾಂಕ, ಎರಡೂ ತಾಳೆ ಆಗಬೇಕು. ಅವ್ವನ ಹೆಸರಿನಲ್ಲಿ ಆದಾಯ ಇಲ್ಲ. ಅದಕ್ಕೆ ಅವರ ಖರ್ಚು ನಾನೇ ಕೊಡುತ್ತೇನೆ ಅಂತ ಒಂದು ಪತ್ರ, ಸಂಬಂಧ ತೋರಿಸುವ ದಾಖಲೆ ಇಟ್ಟೆ.

ಈಗ ಇ-ವೀಸಾ ಕೊಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಏನೂ ಅಂಟಿಸುವುದಿಲ್ಲ. ಏರ್‌ಪೋರ್ಟಿನಲ್ಲಿ ಫೋನ್‌ನಲ್ಲಿ ಇಂಟರ್‌ನೆಟ್ ಆನ್ ಇಟ್ಟು, ಅವರ ವೆಬ್‌ಸೈಟಿನಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಪ್ರಿಂಟ್ ನಡೆಯುವುದಿಲ್ಲ. ಚೆಕ್-ಇನ್ ಕೌಂಟರ್ ಮುಂದೆ ನನ್ನ ಫೋನ್ ಗಿರಗಿರ ತಿರುಗುತ್ತಾ ನಿಂತಾಗ ಹಣೆಯಲ್ಲಿ ಬೆವರು. ಹೆಂಡತಿಯ ಫೋನ್‌ನ ಹಾಟ್‌ಸ್ಪಾಟ್ ಕಾಪಾಡಿತು. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಇನ್ನೊಂದು, 'ವಿಸಿಟ್ ಜಪಾನ್ ವೆಬ್' ಅನ್ನುವುದರಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ಎರಡರ ಮಾಹಿತಿಯನ್ನೂ ಮನೆಯಲ್ಲೇ ತುಂಬಿ ಕ್ಯೂಆರ್ ಕೋಡ್ ತಗೊಂಡು ಹೋಗಿ. ಅಲ್ಲಿ ಇಳಿದ ಮೇಲೆ ಪೆನ್ನು ಹುಡುಕುವ ಗೋಜಿಲ್ಲ.

ಗುಳಿಗೆ ಚೀಲ: ಇಲ್ಲಿ ನನ್ನ ಮಾತು ಕೇಳಿ

ಉಳಿದ ವಿಷಯದಲ್ಲಿ ನನ್ನ ಮಾತು ಬಿಟ್ಟರೂ ಪರವಾಗಿಲ್ಲ, ಇಲ್ಲಿ ಬಿಡಬೇಡಿ. ನಮ್ಮವರು ನೆಗಡಿ, ಕೆಮ್ಮು ಅಂತ ಕೈಗೆ ಸಿಕ್ಕ ಸ್ಟ್ರಿಪ್ಪುಗಳನ್ನೆಲ್ಲ ಡಬ್ಬಿಗೆ ತುಂಬಿ ಹೊರಡುತ್ತಾರೆ. ಜಪಾನಿನಲ್ಲಿ ಸೂಡೋಎಫೆಡ್ರಿನ್ 10 ಪರ್ಸೆಂಟಿಗಿಂತ ಜಾಸ್ತಿ ಇರುವ ಔಷಧಕ್ಕೆ ಪ್ರವೇಶವೇ ಇಲ್ಲ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಗುಳಿಗೆಗಳಲ್ಲಿ ಅದು ಇರುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಮನೆಯಲ್ಲೇ ಇರಲಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಓದಿ. ಇಲ್ಲವಾದರೆ ನಿಮ್ಮ ಔಷಧ ಅಂಗಡಿಯವರಿಗೆ ಕೊಟ್ಟು ಓದಿಸಿ. ನಾವು ಓದುವುದಕ್ಕೇ ಕೂತಿದ್ದೇವೆ.

ಬಿ.ಪಿ., ಶುಗರ್‌ನಂಥ ದಿನದ ಔಷಧ ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಮೊದಲೇ ಅನುಮತಿ ಪತ್ರ ತರಿಸಿಕೊಳ್ಳಬೇಕು. ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ ಚೀಟಿ ಜೊತೆಗಿರಲಿ, ಅದರಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿ. ಚೀಲ ಕೈಯಲ್ಲೇ ಇರಲಿ, ವಿಮಾನದ ಹೊಟ್ಟೆಗೆ ಹಾಕಬೇಡಿ. ಜಪಾನ್ ನಮಗಿಂತ ಮೂರೂವರೆ ತಾಸು ಮುಂದೆ. ಅವ್ವನ ಬೆಳಗಿನ ಗುಳಿಗೆ ಅಲ್ಲಿನ ಬೆಳಿಗ್ಗೆಗೇ ಕೊಟ್ಟೆವು, ಡಾಕ್ಟರನ್ನು ಕೇಳಿಯೇ.

ಗುಳಿಗೆಗಿಂತ ಮುಖ್ಯವಾದ ಔಷಧ ನಡಿಗೆ. ಜನವರಿಯಿಂದ ದಿನಾ ಬೆಳಿಗ್ಗೆ ಅವ್ವನನ್ನು ಕೆ.ಸಿ.ಡಿ. ಮೈದಾನಕ್ಕೆ ಕರೆದುಕೊಂಡು ಹೋದೆ. ಮೊದಲ ವಾರ ಎರಡು ಸುತ್ತಿಗೆ ಕೂತುಬಿಟ್ಟರು. ಮಾರ್ಚ್ ಹೊತ್ತಿಗೆ ಒಂದು ತಾಸು. ಅಲ್ಲಿ ನಾವು ದಿನಕ್ಕೆ 12ರಿಂದ 14 ಸಾವಿರ ಹೆಜ್ಜೆ ನಡೆದೆವು, ಅದೂ ಅವ್ವನ ಲೆಕ್ಕದಲ್ಲಿ ಕಡಿಮೆ ಮಾಡಿಕೊಂಡು. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ. ಎರಡು ತಿಂಗಳು ಮೊದಲೇ ತಗೊಂಡು ಕಾಲಿಗೆ ಪಳಗಿಸಿ.

ಊಟ: ಕಾಣದ ಮೀನು

ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಮಾಂಸ ಬಿಡುವುದು ಕಷ್ಟ ಅಲ್ಲ. ಕಷ್ಟ ಇರುವುದು 'ದಾಶಿ' ಅನ್ನುವ ತಿಳಿ ಸಾರಿನಲ್ಲಿ. ಒಣಗಿಸಿದ ಮೀನಿನ ಚೂರಿನಿಂದ ಅದನ್ನು ಮಾಡುತ್ತಾರೆ. ಮಿಸೊ ಸೂಪಿನಲ್ಲಿ, ನೂಡಲ್ಸಿನ ರಸದಲ್ಲಿ, ಎಷ್ಟೋ ಸಲ ಬೇಯಿಸಿದ ಕಾಯಿಪಲ್ಲೆಯಲ್ಲೂ ಅದೇ. ನಮ್ಮಲ್ಲಿ ಒಗ್ಗರಣೆ ಹೇಗೋ ಅಲ್ಲಿ ದಾಶಿ ಹಾಗೆ. ಅದನ್ನು ಮೀನು ಅಂತ ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. 'ವೆಜಿಟೇರಿಯನ್' ಅಂದರೆ ತಲೆ ಆಡಿಸಿ ಅದನ್ನೇ ತಂದಿಡುತ್ತಾರೆ, ಮೋಸದಿಂದ ಅಲ್ಲ. ಅದಕ್ಕೆ ಬಿಡಿಸಿ ಹೇಳಬೇಕು. "ನಿಕು ತೊ ಸಕಾನಾ ವಾ ತಾಬೆಮಾಸೆನ್", ಅಂದ್ರೆ ಮಾಂಸ, ಮೀನು ತಿನ್ನುವುದಿಲ್ಲ. ಅದರ ಬಾಲಕ್ಕೆ "ದಾಶಿ ಮೊ ದಾಮೆ ದೆಸ್", ದಾಶಿಯೂ ಬೇಡ. ಜಪಾನಿ ಲಿಪಿಯಲ್ಲಿ ಇದನ್ನೇ ಚೀಟಿ ಮಾಡಿ ಫೋನ್‌ನಲ್ಲಿ ಇಟ್ಟುಕೊಳ್ಳಿ, ತೋರಿಸಿದರೆ ಸಾಕು.

ಕ್ಯೋಟೊದಲ್ಲಿ ಬೌದ್ಧ ಭಿಕ್ಷುಗಳ ಅಡುಗೆ 'ಶೋಜಿನ್ ರ್ಯೋರಿ' ಸಿಗುತ್ತದೆ. ಮೀನಿಲ್ಲ, ಮಾಂಸವಿಲ್ಲ, ಬೆಳ್ಳುಳ್ಳಿ-ಉಳ್ಳಾಗಡ್ಡಿ ಕೂಡ ಇಲ್ಲ. ದುಬಾರಿ, ಆದರೆ ಒಂದು ಮಧ್ಯಾಹ್ನ ಕೂತು ತಿನ್ನಿ. ಏಕಾದಶಿ ಫಲಾಹಾರದ ಹಾಗೆ ಸಣ್ಣ ಸಣ್ಣ ಬಟ್ಟಲು, ಒಂದೊಂದರಲ್ಲೂ ಎರಡೇ ತುತ್ತು. ಅವ್ವನಿಗೆ ಹೊಟ್ಟೆ ತುಂಬಲಿಲ್ಲ, ಮನಸ್ಸು ತುಂಬಿತು. ರೂಮಿಗೆ ಬಂದು ರೊಟ್ಟಿ ಬಿಚ್ಚಿದರು.

ಹೌದು, ರೊಟ್ಟಿ. ಕಟಕ ಜೋಳದ ರೊಟ್ಟಿ ಮೂವತ್ತೈದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ ಎರಡು ಡಬ್ಬಿ. ಹೋಟೆಲ್ ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಅಂಗಡಿಯಲ್ಲಿ ಸಾದಾ ಮೊಸರು, ಬಿಸಿ ಮಾಡಿಕೊಳ್ಳುವ ಅನ್ನದ ಡಬ್ಬಿ ಸಿಗುತ್ತವೆ. ಬೆಳಗಿನ ನಾಷ್ಟಾ, ರಾತ್ರಿ ಊಟ ಹೀಗೆ ನಡೆಯಿತು. ಆದರೆ ಹಣ್ಣು, ಹಸಿ ಕಾಯಿಪಲ್ಲೆ, ಹಸಿ ಕರಿಬೇವು ಒಯ್ಯಬೇಡಿ. ಸಸ್ಯಗಳ ವಿಷಯದಲ್ಲಿ ಅವರ ಕಾನೂನು ಕಟ್ಟುನಿಟ್ಟು. ಮಾಂಸದ ಪದಾರ್ಥಗಳೂ ಹಾಗೆಯೇ. ಏನು ತಂದಿದ್ದೀರಿ ಅಂತ ಕೇಳಿದರೆ ಬಿಚ್ಚಿ ತೋರಿಸಿ, ಮುಚ್ಚಿಡಬೇಡಿ.

ಸಿಹಿಗೆ ಮಾತ್ರ ಯೋಚನೆ ಇಲ್ಲ. ಅವರ 'ಆಂಕೊ' ಅಂದ್ರೆ ಕೆಂಪು ಕಾಳು ಬೇಯಿಸಿ ಸಕ್ಕರೆ ಹಾಕಿ ಅರೆದದ್ದು. ಬಾಯಿಗಿಟ್ಟ ಕೂಡಲೇ ಅವ್ವ ನನ್ನ ಮುಖ ನೋಡಿದರು. "ಹೂರಣಾನ ಇದು. ಯಾಲಕ್ಕಿ ಮರತಾರ."

ದುಡ್ಡು, ಗೇಟು, ರೈಲು

ಅಲ್ಲಿ ಇಳಿದ ಕೂಡಲೇ ಸುಯಿಕಾ ತರಹದ ಒಂದು ಐ.ಸಿ. ಕಾರ್ಡ್ ತಗೊಳ್ಳಿ, ಒಬ್ಬರಿಗೊಂದು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಸ್ಟೇಷನ್ನಿನಲ್ಲಿ ಗೇಟ್ ದಾಟಿ ರೂಢಿ ಇದ್ದವರಿಗೆ ಇದೇನೂ ಹೊಸದಲ್ಲ. ಮುಟ್ಟಿಸಿದರೆ ತೆರೆಯುತ್ತದೆ, ಇಳಿಯುವಾಗ ಮತ್ತೆ ಮುಟ್ಟಿಸಿದರೆ ದುಡ್ಡು ಕಡಿತ. ಮೆಟ್ರೊ, ಊರೊಳಗಿನ ರೈಲು, ಬಸ್ಸು, ಸಣ್ಣ ಅಂಗಡಿ, ರಸ್ತೆಬದಿಯ ನೀರಿನ ಮಷಿನ್, ಎಲ್ಲದಕ್ಕೂ ಅದೇ. ಆದರೆ ದೇವಸ್ಥಾನ, ಸಣ್ಣ ಟೀ ಅಂಗಡಿಗಳಿಗೆ ನಗದು ಬೇಕು. ಸೆವೆನ್-ಇಲೆವೆನ್ ಅಂಗಡಿಗಳಲ್ಲಿರುವ ಎ.ಟಿ.ಎಂ. ಹೊರದೇಶದ ಕಾರ್ಡ್ ತಗೊಳ್ಳುತ್ತದೆ. ಹೊರಡುವ ಮೊದಲು ಬ್ಯಾಂಕ್ ಆ್ಯಪಿನಲ್ಲಿ 'ಇಂಟರ್‌ನ್ಯಾಷನಲ್ ಬಳಕೆ' ಆನ್ ಮಾಡಿರಿ.

5 ಯೆನ್ ನಾಣ್ಯದ ನಡುವೆ ತೂತು ಇದೆ. ಚಿಕ್ಕವರಿದ್ದಾಗ ನೋಡಿದ ತೂತಿನ ದುಡ್ಡು ಅವ್ವನಿಗೆ ನೆನಪಾಯಿತು. ಐದು ಯೆನ್ನಿಗೆ 'ಗೋ-ಎನ್' ಅನ್ನುತ್ತಾರೆ, ಅದೇ ಉಚ್ಚಾರದಲ್ಲಿ 'ಋಣಾನುಬಂಧ' ಅನ್ನುವ ಅರ್ಥವೂ ಇದೆಯಂತೆ. ಅದಕ್ಕೇ ದೇವರ ಹುಂಡಿಗೆ ಅದನ್ನೇ ಹಾಕುತ್ತಾರೆ. ಇದು ಗೊತ್ತಾದ ಮೇಲೆ ಮನೆಮಂದಿಯ ಚಿಲ್ಲರೆಯಲ್ಲಿದ್ದ ಐದರ ನಾಣ್ಯಗಳೆಲ್ಲ ಅವ್ವನ ಸಂಚಿಗೆ ಸೇರಿದವು.

ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲು, ಅವರ ಶಿಂಕಾನ್ಸೆನ್. ನೊಜೊಮಿ ಅನ್ನುವ ವೇಗದ ಗಾಡಿಗೆ ಎರಡೂಕಾಲು ತಾಸು. ಸೀಟ್ ಬುಕ್ ಮಾಡುವಾಗ 'ಇ' ಸೀಟು ಕೇಳಿ. ಬಲಗಡೆಯ ಕಿಟಕಿ. ಹೊರಟು ಮುಕ್ಕಾಲು ತಾಸಿನ ಆಸುಪಾಸಿನಲ್ಲಿ ಫುಜಿ ಅದೇ ಕಡೆ ಕಾಣುತ್ತದೆ, ಮೋಡ ಇರದಿದ್ದರೆ. ನಮಗೆ ಅರ್ಧ ಕಂಡಿತು, ಮೇಲಿನ ಅರ್ಧ ಮೋಡದಲ್ಲಿ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ, 1507 ಮೀಟರ್ ಅಂತ ನಮಗೆಲ್ಲ ಹೆಮ್ಮೆ ಅಲ್ವಾ? ಆ 16 ಡಬ್ಬಿಯ ಗಾಡಿ ಸುಮಾರು 400 ಮೀಟರ್. ನಮ್ಮ ಪ್ಲಾಟ್‌ಫಾರ್ಮಿನ ಮೇಲೆ ಮೂರು ಗಾಡಿ ಒಂದರ ಹಿಂದೆ ಒಂದು ನಿಂತರೂ ಜಾಗ ಮಿಗುತ್ತದೆ. ಆದರೆ ಹತ್ತುವುದಕ್ಕೆ ಅಲ್ಲಿ ಸಿಗುವುದು ಒಂದೆರಡು ನಿಮಿಷ. ನಿಮ್ಮ ಡಬ್ಬಿಯ ನಂಬರು ನೆಲದ ಮೇಲೆ ಬರೆದಿರುತ್ತದೆ, ಅಲ್ಲೇ ಸಾಲಿನಲ್ಲಿ ನಿಂತಿರಿ.

ದೊಡ್ಡ ಬ್ಯಾಗಿನ ವಿಷಯದಲ್ಲಿ ನಾನು ಎಡವಿದೆ. ಮೂವರಿಗೆ ಮೂರು ದೊಡ್ಡ ಸೂಟ್‌ಕೇಸ್. ಟೋಕಿಯೊದ ರೂಮಿನಲ್ಲಿ ಮೂರನ್ನೂ ಒಟ್ಟಿಗೆ ತೆರೆಯಲು ಜಾಗವೇ ಇಲ್ಲ. ಒಬ್ಬರು ಬ್ಯಾಗ್ ತೆರೆದರೆ ಇನ್ನಿಬ್ಬರು ಮಂಚ ಹತ್ತಿ ಕೂರಬೇಕು. ಮೇಲಿಂದ, ಉದ್ದ-ಅಗಲ-ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದ ಬ್ಯಾಗಿಗೆ ಆ ರೈಲಿನಲ್ಲಿ ದೊಡ್ಡ ಬ್ಯಾಗ್ ಇಡುವ ಜಾಗ ಇರುವ ಸೀಟನ್ನೇ ಬುಕ್ ಮಾಡಬೇಕು. ಕೊನೆಗೆ ಹೋಟೆಲ್ ಕೌಂಟರಿನ ಹುಡುಗಿಯೇ ದಾರಿ ತೋರಿಸಿದಳು. 'ತಕ್ಯುಬಿನ್' ಅಂತ ಒಂದು ವ್ಯವಸ್ಥೆ ಇದೆ. ಬ್ಯಾಗುಗಳನ್ನು ಇಲ್ಲಿ ಕೊಟ್ಟರೆ ಮರುದಿನ ಕ್ಯೋಟೊದ ಹೋಟೆಲಿಗೆ ತಲುಪಿಸುತ್ತಾರೆ. ಒಂದು ಬ್ಯಾಗಿಗೆ 2,500 ಯೆನ್ ಕೊಟ್ಟೆ. ಒಂದು ರಾತ್ರಿಗೆ ಆಗುವ ಬಟ್ಟೆ, ಗುಳಿಗೆ ಚೀಲ ಮಾತ್ರ ಹೆಗಲ ಮೇಲೆ. ಅವ್ವನ ಕೈ ಹಿಡಿಯಲು ನನ್ನ ಕೈ ಖಾಲಿ ಇತ್ತು.

ಹೋಟೆಲ್ ಆರಿಸುವಾಗ ಸ್ಟಾರ್ ನೋಡಬೇಡಿ, ಸ್ಟೇಷನ್ನಿನಿಂದ ಎಷ್ಟು ನಿಮಿಷ ಅಂತ ನೋಡಿ. ಐದು ನಿಮಿಷದ ಒಳಗಿರಲಿ. ಟೋಕಿಯೊದಲ್ಲಿ ನಾವು ಉಳಿದದ್ದು ಉಏನೊ. ನರಿತಾದಿಂದ ಸ್ಕೈಲೈನರ್ ರೈಲು ನೇರ ಅಲ್ಲಿಗೇ ಬರುತ್ತದೆ. ಕ್ಯೋಟೊದಲ್ಲಿ ಸ್ಟೇಷನ್ ಪಕ್ಕದಲ್ಲೇ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಬುಕ್ ಮಾಡಿ. ಸ್ಟೇಷನ್ನುಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಎಲ್ಲ ಬಾಗಿಲಿಗೂ ಇರುವುದಿಲ್ಲ. ಒಮ್ಮೆ ತಪ್ಪು ಬಾಗಿಲಿಗೆ ಬಂದರೆ ಐವತ್ತು ಮೆಟ್ಟಿಲು. ಗೂಗಲ್ ಮ್ಯಾಪ್‌ನಲ್ಲಿ ಬಾಗಿಲಿನ ನಂಬರೂ ತೋರಿಸುತ್ತದೆ, ಅದನ್ನು ನೋಡಿಯೇ ಹೆಜ್ಜೆ ಇಡಿ.

ಟೋಕಿಯೊದಲ್ಲಿ ಯುಗಾದಿ

ಮಾರ್ಚ್ 29ರ ಸಂಜೆ ಇಳಿದಾಗ ಚಳಿ ಮಳೆ. ಧಾರವಾಡದಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ್ದವರು ಅಲ್ಲಿ ಹಲ್ಲು ಕಡಿಯುತ್ತಾ ನಿಂತೆವು. 'ವಸಂತ' ಅನ್ನುವ ಶಬ್ದ ನಂಬಬೇಡಿ. ಬೆಳಿಗ್ಗೆ-ರಾತ್ರಿ ನಮಗೆ ಅದು ಚಳಿಗಾಲವೇ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಮಳೆ ತಡೆಯುವ ಜಾಕೆಟ್, ಹೀಗೆ ಪದರು ಪದರಾಗಿ ಹಾಕಿ. ಅವ್ವ ಸೀರೆಯೊಳಗೆ ಉಲ್ಲನ್ ಪ್ಯಾಂಟು ಹಾಕಿದ್ದರು, ಕಾಲಿಗೆ ಬೂಟು. ಫೋಟೊ ತೆಗೆಯಬೇಡ ಅಂತ ತಾಕೀತು.

ಮರುದಿನ, ಭಾನುವಾರ 30, ಯುಗಾದಿ. ಟೋಕಿಯೊದಲ್ಲಿ ಮಾಂಕಾಯ್ ಘೋಷಣೆ ಆದದ್ದೂ ಅದೇ ದಿನ. ಲೆಕ್ಕ ಹಾಕಿ ಹೋಗಿದ್ದಲ್ಲ, ಕೂಡಿ ಬಂತು. ಆದರೆ ಬೇವು? ಸಸ್ಯ ಒಯ್ಯುವ ಹಾಗಿಲ್ಲ ಅಂತ ಬೇವಿನ ಹೂ ಬಿಟ್ಟು ಬರೀ ಬೆಲ್ಲ ತಂದಿದ್ದೆ. "ಬರೇ ಬೆಲ್ಲಾ ತಿಂದ್ರ ವರ್ಷ ಹೆಂಗ ಅಕ್ಕೈತಿ?" ಅಂತ ಅವ್ವನ ಮುಖ ಗಂಟು.

ಆ ದಿನ ಶಿಂಜುಕು ಗ್ಯೋಎನ್ ತೋಟಕ್ಕೆ ಹೋದೆವು. ಟಿಕೆಟ್ 500 ಯೆನ್, 65 ದಾಟಿದವರಿಗೆ ಅರ್ಧ. ಹಿರಿಯರ ಪಾಸ್‌ಪೋರ್ಟ್ ಕೈಯಲ್ಲಿರಲಿ. ಸೀಸನ್ನಿನ ಗದ್ದಲದ ದಿನಗಳಿಗೆ ಮುಂಗಡ ಬುಕಿಂಗ್ ಕೇಳುತ್ತಾರೆ, ಮೊದಲೇ ಮಾಡಿಟ್ಟುಕೊಳ್ಳಿ. ಒಳಗೆ ಹೆಂಡ ಒಯ್ಯುವ ಹಾಗಿಲ್ಲ. ಹೀಗಾಗಿ ಉಳಿದ ಕಡೆಗಿಂತ ಇಲ್ಲಿ ಶಾಂತ. ಬೇರೆ ಬೇರೆ ಜಾತಿಯ ಚೆರ್ರಿ ಇರುವುದರಿಂದ ಒಂದು ಉದುರಿದರೆ ಇನ್ನೊಂದು ಅರಳಿರುತ್ತದೆ. ಹುಲ್ಲಿನ ಮೇಲೆ ಒಂದು ಶೀಟ್ ಹಾಸಿ ಕೂತೆವು. ಶೀಟ್ ನೂರು ಯೆನ್ನಿನ ಅಂಗಡಿಯಲ್ಲಿ ಸಿಗುತ್ತದೆ.

ತೋಟದೊಳಗೆ ಟೀ ಕೊಡುವ ಸಣ್ಣ ಮನೆ ಇದೆ. ಮೊದಲು ಒಂದು ಸಿಹಿ ತುಂಡು ತಂದಿಟ್ಟರು, ಹೆಬ್ಬೆರಳಿನಷ್ಟು. ಆಮೇಲೆ ದಪ್ಪ ಬಟ್ಟಲಿನಲ್ಲಿ ಹಸಿರು ಮಾಚಾ, ಮೇಲೆ ನೊರೆ. ಅವ್ವ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಒಂದು ಗುಟುಕು ತಗೊಂಡರು. ಮುಖ ಹಿಂಡಿತು. ಮತ್ತೊಂದು ಗುಟುಕು. ಆಮೇಲೆ ಚೀಲದಿಂದ ಬೆಲ್ಲದ ತುಂಡು ತೆಗೆದು ನಮ್ಮಿಬ್ಬರ ಕೈಗೂ ಇಟ್ಟು, "ಹಾಂ, ಈಗ ಆತು ನೋಡು ಯುಗಾದಿ" ಅಂದರು.

ಉಏನೊ ಪಾರ್ಕ್ ನಮ್ಮ ಹೋಟೆಲಿನಿಂದ ನಡೆಯುವಷ್ಟು ದೂರ. ಬೆಳಿಗ್ಗೆ ಏಳಕ್ಕೆ ಹೋಗಿ, ಹತ್ತರ ಮೇಲೆ ಹೋದರೆ ಜಾತ್ರೆ. ಅಲ್ಲಿನ ಶಿನೊಬಾಜು ಕೆರೆಯ ನಡುವೆ ಒಂದು ಗುಡಿ ಇದೆ, ಬೆಂಜೈತೆನ್ ದೇವಿಯದು. ಬೆಂಜೈತೆನ್ ಅಂದರೆ ಬೌದ್ಧ ಧರ್ಮದ ಜೊತೆ ನಮ್ಮಿಂದ ಹೋದ ಸರಸ್ವತಿಯೇ. ಎದುರಿಗೆ ಬಿವಾ ಅನ್ನುವ ತಂತಿವಾದ್ಯದ ಕಲ್ಲಿನ ಶಿಲ್ಪ ಇದೆ. "ವೀಣಿ ಐತಿ ಅಂದ್ರ ನಮ್ಮಾಕೀನ" ಅಂದು ಅವ್ವ ತೂತಿನ ನಾಣ್ಯ ಹಾಕಿ ಕೈ ಮುಗಿದರು. ಧಾರವಾಡದವರಿಗೆ ಸಂಗೀತದ ದೇವಿ ಎಲ್ಲಿದ್ದರೂ ಮನೆಯವಳೇ.

ಅಸಾಕುಸಾದ ಸೆನ್ಸೊ-ಜಿ, ಮೇಜಿ ದೇಗುಲದ ಕಾಡು, ಒಂದು ಸಂಜೆ ಶಿಬುಯಾ ಕ್ರಾಸಿಂಗ್. ಇವಿಷ್ಟೇ ಉಳಿದ ಎರಡು ದಿನ. ದಿನಕ್ಕೆ ಎರಡು ಜಾಗ, ನಡುವೆ ಒಂದು ದೀರ್ಘ ಕೂರುವಿಕೆ. ಸ್ಕೈಟ್ರೀ ಟವರ್ ಕೆಳಗಿನಿಂದಲೇ ನೋಡಿದೆವು. ಹತ್ತಿಲ್ಲ ಅಂತ ಯಾರೂ ಬೈಯಲಿಲ್ಲ.

ಕ್ಯೋಟೊದಲ್ಲಿ ಬೇಗ ಏಳಿ

ಕ್ಯೋಟೊದ ಗುಟ್ಟು ಒಂದೇ, ಸೂರ್ಯನ ಜೊತೆ ಏಳುವುದು. ಫುಶಿಮಿ ಇನಾರಿ ದೇಗುಲಕ್ಕೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ, 24 ತಾಸು ತೆರೆದಿರುತ್ತದೆ. ಕ್ಯೋಟೊ ಸ್ಟೇಷನ್ನಿನಿಂದ ಎರಡನೇ ಸ್ಟೇಷನ್. ಆರೂವರೆಗೆ ಅಲ್ಲಿದ್ದೆವು. ಸಾಲು ಸಾಲು ಕೇಸರಿ ಕಮಾನುಗಳ ಕೆಳಗೆ ನಾವು ಮೂವರು, ಒಬ್ಬ ಓಡುವವನು, ಒಂದು ಬೆಕ್ಕು. ಪ್ರತಿ ಕಮಾನಿನ ಹಿಂದೆ ಏನೋ ಬರೆದಿದೆ. ಕೊಟ್ಟ ವ್ಯಾಪಾರಿಗಳ, ಕಂಪನಿಗಳ ಹೆಸರು, ನಮ್ಮ ಗುಡಿಯ ಫರಸಿ ಕಲ್ಲಿನ ಮೇಲೆ ದಾನಿಗಳ ಹೆಸರು ಇರುವ ಹಾಗೆ. ಪೂರ್ತಿ ಬೆಟ್ಟ ಹತ್ತಲು ಎರಡು-ಮೂರು ತಾಸು ಬೇಕು. ನಾವು ಕಾಲು ಭಾಗಕ್ಕೇ ಹಿಂತಿರುಗಿದೆವು. ಇಳಿಯುವಾಗ ಎದುರಿಗೆ ಗುಂಪು ಗುಂಪಾಗಿ ಜನ ಬರುತ್ತಿದ್ದರು.

ಕಿಯೊಮಿಜು-ದೆರಾ ದೇವಾಲಯ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಇದು ಇನ್ನೊಂದು ಬೆಳಿಗ್ಗೆಗೆ. ಅಲ್ಲಿಗೆ ಬಸ್ಸಿನಲ್ಲಿ ಹೋಗುವ ಹಟ ಬೇಡ, ಕ್ಯೋಟೊ ಬಸ್ಸುಗಳು ಸೀಸನ್ನಿನಲ್ಲಿ ಕಾಲಿಡಲು ಆಗದಷ್ಟು ತುಂಬಿರುತ್ತವೆ. ಮೂವರಿದ್ದರೆ ಟ್ಯಾಕ್ಸಿ ಏನೂ ದುಬಾರಿ ಅಲ್ಲ. ಬಾಗಿಲು ತಾನಾಗಿಯೇ ತೆರೆಯುತ್ತದೆ, ಎಳೆಯಲು ಹೋಗಬೇಡಿ. ಹೂವಿಗೆ 'ಫಿಲಾಸಫರ್ಸ್ ಪಾತ್' ಅನ್ನುವ ಕಾಲುವೆ ದಂಡೆ ಸಾಕು. ಸುಮಾರು ಎರಡು ಕಿಲೋಮೀಟರ್, ಸಪಾಟು ದಾರಿ, ಎರಡೂ ಕಡೆ ಚೆರ್ರಿ. ಹಾಡು-ನೃತ್ಯದ ಕಲಾವಿದೆಯರಾದ ಗೇಶಾಗಳ ಬಡಾವಣೆ ಗಿಯೊನ್‌ನ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗರು ಹೋಗುವ ಹಾಗಿಲ್ಲ, ಬೋರ್ಡು ನೋಡಿ. ಗೇಶಾ ಹೆಣ್ಣುಮಕ್ಕಳ ಹಿಂದೆ ಕ್ಯಾಮೆರಾ ಹಿಡಿದು ಓಡುವುದು ನಾಚಿಕೆಗೇಡು.

ನಾರಾಕ್ಕೆ ರೈಲಿನಲ್ಲಿ ಮುಕ್ಕಾಲು ತಾಸು. ಅಲ್ಲಿ ಸಾವಿರಕ್ಕೂ ಮೇಲೆ ಜಿಂಕೆಗಳು ರಸ್ತೆಯಲ್ಲೇ ಓಡಾಡುತ್ತವೆ. ಬಿಸ್ಕೀಟು ಕೈಯಲ್ಲಿ ಕಂಡರೆ ಸೆರಗು ಎಳೆಯುತ್ತವೆ, ಅವ್ವನ ಸೆರಗಿಗೆ ಆದದ್ದೂ ಅದೇ. ಅಲ್ಲಿನ ಟೊದಾಯ್-ಜಿ ದೇವಾಲಯದ ದೊಡ್ಡ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವರು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನುವ ಭಿಕ್ಷು. ಇದನ್ನು ಹೇಳಿದಾಗ ಅವ್ವ ಕೇಳಿದ್ದು ಒಂದೇ: "ಆವಾಗ ವಿಮಾನ ಇರಲಿಲ್ಲಲ್ಲ, ಊಟಕ್ಕೇನು ಮಾಡಿದ್ನೋ."

ಇನ್ನು ಚಿಲ್ಲರೆ ವಿಷಯ. ರಸ್ತೆಯಲ್ಲಿ ಕಸದ ಬುಟ್ಟಿ ಇರುವುದಿಲ್ಲ, ಒಂದು ಕ್ಯಾರಿ ಬ್ಯಾಗ್ ಜೇಬಿನಲ್ಲಿಡಿ. ರೈಲಿನಲ್ಲಿ ಫೋನ್ ಮಾತು ಬೇಡ. ಟಾಯ್ಲೆಟ್ಟಿನಲ್ಲಿ ನೀರಿನ ಜೆಟ್ ಇರುತ್ತದೆ, ಆ ಚಿಂತೆ ಬಿಡಿ. ಆದರೆ ಬಟನ್ ಒತ್ತುವ ಮೊದಲು ಚಿತ್ರ ನೋಡಿ. ಟಿಪ್ಸ್ ಕೊಡಬೇಡಿ, ಬೆನ್ನಟ್ಟಿ ಬಂದು ವಾಪಸ್ ಕೊಡುತ್ತಾರೆ.

ತರುವುದಕ್ಕೆ ಕ್ಯೋಟೊದ ಯತ್ಸುಹಾಶಿ ಚೆನ್ನಾಗಿರುತ್ತದೆ. ಅಕ್ಕಿ ಹಿಟ್ಟು, ಸಕ್ಕರೆ, ದಾಲ್ಚಿನ್ನಿಯ ಸಿಹಿ. ಎರಡು ತರಹ ಇದೆ. ಬೇಕ್ ಮಾಡಿದ್ದು ಗರಿಗರಿ, ಬಹಳ ದಿನ ಇರುತ್ತದೆ. ಹೂರಣ ಇಟ್ಟ ಮೆತ್ತನೆಯದು ಕೆಲವೇ ದಿನ. ಮೆತ್ತನೆಯದನ್ನು ಹೊರಡುವ ದಿನವೇ ತಗೊಳ್ಳಿ. ಕ್ಯೋಟೊದಿಂದ ಕನ್ಸಾಯ್‌ಗೆ ಹೋಗುವ ಹರುಕಾ ರೈಲು ಹತ್ತುವ ಮೊದಲು ಸ್ಟೇಷನ್ನಿನಲ್ಲೇ ಸಿಗುತ್ತದೆ. ಡಬ್ಬಿಯ ಮೇಲೆ ದಿನಾಂಕ ನೋಡಿಯೇ ತಗೊಳ್ಳಿ, ಆದರೆ ಅಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರೆಯುತ್ತಾರೆ. ನಾನು ಏಪ್ರಿಲ್ 7ಕ್ಕೆ ಅಂಗಡಿ ತೆರೆದು ತಮ್ಮನಿಗೆ ಒಂದು ಡಬ್ಬಿ ಕೊಟ್ಟೆ. ಅವನೂ ಅದೇ ಕೌಂಟರಿನ ಹಿಂದೆ ಬೆಳೆದವನು. ಬಿಚ್ಚುವ ಮೊದಲು ತಿರುವಿ ನೋಡಿದ. ಮೇಲೆ 25.04.12 ಅಂತ ಇತ್ತು. ಡಬ್ಬಿಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು ಹೇಳಿದ, "ಅಣ್ಣಾ, ಅವರು ನಿನಗ ಮೋಸ ಮಾಡ್ಯಾರ. ಇದು 2012ರಾಗ ಎಕ್ಸ್‌ಪೈರಿ ಆಗೇತಿ."